ನಾಲ್ಕು ಒಂಬತ್ತಿನ ಮನೆಗಳು

ಹಲಸೂರಿನ ಬಜಾರ್ ಸ್ಟ್ರೀಟಿನಲ್ಲಿ, ಸ್ಟೀಲು ಪಾತ್ರೆ ಅಂಗಡಿಯ ಮೇಲೆ ಎರಡನೇ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು ಎಂದರೆ ನನ್ನ ಈಗಿನ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಧನುಷ್ ಕಂಪ್ಯೂಟೆಕ್ ಎಂಬ ಬೋರ್ಡಿನಲ್ಲಿ ಬಿಲ್ಲೂ ಇತ್ತು, ಬಾಣವೂ ಇತ್ತು. ಒಳಗೆ ಹನ್ನೊಂದು ಕಂಪ್ಯೂಟರು, ಒಂದು ಎ.ಸಿ., ಆ ಎ.ಸಿ.ಯ ಕೆಳಗೆ ಮಾಲೀಕರಾದ ಭಗವಂತರಾಯರು. ಅಂಗಡಿಯಲ್ಲಿ ಪಾತ್ರೆ ಬೀಳುವ ಸದ್ದು ದಿನವಿಡೀ ಮೇಲಕ್ಕೆ ಬರುತ್ತಿತ್ತು. ಆ ಸದ್ದಿನ ನಡುವೆ ಕೂತು, ಸರ್ಕಾರಿ ಕಚೇರಿಯ ಲಂಚವನ್ನೆಲ್ಲ ಕಂಪ್ಯೂಟರಿನಿಂದ ಓಡಿಸಬಹುದು ಎಂದು ಮನಸಾರೆ ನಂಬಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಕಂಡಿದ್ದೇನೆ. ಅವನು ಮುತ್ತುರಾಜ, ನಮ್ಮ ಪ್ರೋಗ್ರಾಮರ್.

ನಾನು ವಿಮಲಾಕ್ಷಿ, ಚಿತ್ರದುರ್ಗದವಳು. ಟೈಪ್ ಮಾಡುವ ಎಂಟು ಹೆಣ್ಣುಮಕ್ಕಳ ಮೇಲ್ವಿಚಾರಕಿ. ಮುತ್ತುರಾಜ ದೊಡ್ಡನೆಕ್ಕುಂದಿಯವನು. ಅವನ ಅಪ್ಪ ವೆಂಕಟಸ್ವಾಮಿ ವಿಮಾನಪುರದ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಎಣಿಸಿದವರು. ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮಗನ ಡಿಪ್ಲೊಮಾ ಸರ್ಟಿಫಿಕೇಟು. ಅಪ್ಪನ ಒಂದೇ ಆಸೆ ಎಂದರೆ, ಊರಲ್ಲಿ ನಿಮ್ಮ ಮನೆ ಯಾವ ಬೀದಿ ಎಂದು ಮಗನನ್ನು ಯಾರೂ ಕೇಳದ ಕೆಲಸ ಸಿಗಬೇಕು. ಆ ಪ್ರಶ್ನೆ ಯಾಕೆ ಕೇಳುತ್ತಾರೆ ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಪ್ರಮಾಣಪತ್ರಕ್ಕಾಗಿ ಅಪ್ಪನ ಜೊತೆ ತಾಲ್ಲೂಕು ಕಚೇರಿಗೆ ಹದಿನೇಳು ಸಲ ಅಲೆದಿದ್ದ ಮುತ್ತುರಾಜನಿಗೆ ಕಂಪ್ಯೂಟರ್ ಕಂಡಾಗ ದೇವರು ಕಂಡಷ್ಟು ಖುಷಿಯಾಗಿತ್ತಂತೆ. ದೇವರನ್ನು ನಂಬದ ಮನೆಯವನು ಹಾಗೆ ಹೇಳಿದ್ದಕ್ಕೆ ನಾನು ಅವನನ್ನು ಬಹಳ ದಿನ ರೇಗಿಸಿದ್ದೆ.

1999ರ ಕೊನೆಯಲ್ಲಿ ಅವನ ಜೊತೆಗೆ ಓದಿದವರೆಲ್ಲ 2000 ಬಂದರೆ ಕಂಪ್ಯೂಟರುಗಳು ದಿಕ್ಕು ತಪ್ಪುತ್ತವೆ, ಇಸವಿಯ ಎರಡು ಅಂಕಿ ಸರಿಮಾಡುತ್ತೇವೆಂದು ಅಮೆರಿಕದ ವಿಮಾನ ಹತ್ತುತ್ತಿದ್ದರು. ಅವನ ಗೆಳೆಯ ಸುನೀಲ್ ಹೊರಡುವ ಮುಂಚೆ ಆಫೀಸಿಗೇ ಬಂದು, "ಮಗಾ, ಇಲ್ಲಿ ಕೂತ್ಕೊಂಡು ಕನ್ನಡದಲ್ಲಿ ಅರ್ಜಿ ಟೈಪ್ ಮಾಡಿಸ್ತೀಯಲ್ಲೋ, ತಲೆ ಕೆಟ್ಟಿದ್ಯಾ? ರೆಸ್ಯೂಮೆ ಕೊಡು ಗುರು, ನಾನು ಕಳಿಸ್ತೀನಿ" ಎಂದ. ಮುತ್ತುರಾಜ, "ಈ ಕೆಲಸ ಒಂದು ಮುಗೀಲಿ" ಎಂದ. ಅವನ ಬಾಳಿನಲ್ಲಿ ಮುಗಿಯದೆ ಉಳಿದದ್ದೂ ಅದೊಂದೇ ಕೆಲಸ.

ಕೆಲಸ ಏನೆಂದರೆ, ನಗರದ ಪೂರ್ವ ಭಾಗದ ಕೊಳೆಗೇರಿಗಳಲ್ಲಿ ಹಲವು ವರ್ಷದಿಂದ ಇರುವವರಿಗೆ ಆ ಜಾಗದ ಹಕ್ಕುಪತ್ರ ಕೊಡುವುದು ಎಂದು ಸರ್ಕಾರ ತೀರ್ಮಾನಿಸಿತ್ತು. ಸರ್ವೆಯವರು ಮನೆ ಮನೆಗೆ ಹೋಗಿ ಪೆನ್ಸಿಲಿನಲ್ಲಿ ಫಾರಂ ತುಂಬಿ ತಂದಿದ್ದರು. ಆರು ಸಾವಿರಕ್ಕೂ ಮೇಲೆ ಕುಟುಂಬ, ನಾಲ್ಕು ಗೋಣಿಚೀಲ ಫಾರಂ. ಅದನ್ನು ಕನ್ನಡದಲ್ಲಿ ಕಂಪ್ಯೂಟರಿಗೆ ಹಾಕಿ ಪಟ್ಟಿ ತೆಗೆದುಕೊಡುವುದು ನಮ್ಮ ಗುತ್ತಿಗೆ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮನೆ ಉಳಿಯುತ್ತದೆ, ಇಲ್ಲದವರಿಗೆ ಇಲ್ಲ.

ಮುತ್ತುರಾಜ ಪ್ರೋಗ್ರಾಮ್ ಬರೆಯುವಾಗ ಒಂದು ಹಟ ಹಿಡಿದ. ಫಾರಮ್ಮಿನ ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ. ಖಾಲಿ ಬಿಟ್ಟರೆ ಕಂಪ್ಯೂಟರ್ ಕುಂಯ್ ಎಂದು ಕೂಗುತ್ತದೆ, ಮುಂದಕ್ಕೆ ಬಿಡುವುದಿಲ್ಲ.

"ಯಾಕ್ರೀ ಇಷ್ಟು ಗೋಳು?" ಎಂದೆ ನಾನು. "ಹುಡುಗೀರು ಬೈತಾವ್ರೆ."

"ರೀ ವಿಮಲಾ, ಗೌರ್ಮೆಂಟ್ ಕಾಗದದಲ್ಲಿ ಖಾಲಿ ಜಾಗ ಇದ್ರೆ ಅದು ಯಾರ್ದೋ ಊಟದ ತಟ್ಟೆ ಅಂತ ಲೆಕ್ಕ. ಆಮೇಲೆ ಯಾವನೋ ಗುಮಾಸ್ತ ಬಂದು ತುಂಬಿಸ್ತಾನೆ. ನಾನು ಜಾಗಾನೇ ಬಿಡಲ್ಲ."

ಮಾತು ಚೆನ್ನಾಗಿತ್ತು. ಅವನ ಮಾತುಗಳೆಲ್ಲ ಚೆನ್ನಾಗೇ ಇರುತ್ತಿದ್ದವು.

ನಮ್ಮ ಆಫೀಸು ಗುಡಿಸಿ ಒರೆಸಿ, ಹತ್ತೂವರೆಗೆ ಟೀ ತರುತ್ತಿದ್ದವಳು ಅಯ್ಯಮ್ಮ. ನಲವತ್ತೈದು ದಾಟಿದ ಗಂಡನಿಲ್ಲದ ಹೆಂಗಸು. ಕೆ.ಆರ್. ಪುರದ ರೈಲು ಹಳಿ ದಾಟಿ ಹೋದರೆ ಒಂದು ಹಳೆಯ ಕಲ್ಲಿನ ಹಳ್ಳ, ಅದರ ಇಳಿಜಾರಿನಲ್ಲಿ ಕಲ್ಲು ಒಡೆಯಲು ಬಂದವರು ಕಟ್ಟಿಕೊಂಡ ಮನೆಗಳು. ಅದಕ್ಕೆ ಕಲ್ಲುಕ್ವಾರಿ ಕಾಲೊನಿ ಎಂದು ಹೆಸರು, ಅಲ್ಲೇ ಅವಳ ಮನೆ. ಕಲ್ಲು ಒಡೆಯುವುದು ನಿಂತು ಎಷ್ಟೋ ಕಾಲವಾಗಿತ್ತು, ಜನ ಉಳಿದಿದ್ದರು. ಒಂದು ದಿನ ಮುತ್ತುರಾಜ ಅವಳನ್ನು ಕರೆದು ಪರದೆಯ ಮೇಲೆ ಬರಿಯ ಹೆಸರುಗಳ ಸಾಲಿನಲ್ಲಿ ಅವಳ ಹೆಸರು ತೋರಿಸಿದ. ಅವಳಿಗೆ ಓದು ಬಾರದು. ಆದರೂ ಕೈಯನ್ನು ಸೀರೆಗೆ ಒರೆಸಿಕೊಂಡು, ಬಗ್ಗಿ ನೋಡಿ, "ಇದು ನಾನಾ? ಇಷ್ಟು ಸಣ್ಣಕ್ಕಿದೀನಾ?" ಎಂದಳು. ಎಲ್ಲರೂ ನಕ್ಕೆವು. ಹಕ್ಕುಪತ್ರ ಬಂದರೆ ಬ್ಯಾಂಕಿನವರು ಮನೆಗೆ ಸಾಲ ಕೊಡುತ್ತಾರಂತೆ, ತಗಡು ತೆಗೆದು ಮೋಲ್ಡ್ ಹಾಕಿಸುತ್ತೇನೆ ಎಂದು ಅವಳು ಅವತ್ತಿನಿಂದ ದಿನಾ ಹೇಳತೊಡಗಿದಳು.

ಈಗ ನನ್ನ ಪಾಲಿನ ಸಂಗತಿ ಹೇಳುತ್ತೇನೆ. ಇದನ್ನು ಇಷ್ಟು ವರ್ಷ ಯಾವ ಇಂಟರ್‌ವ್ಯೂನಲ್ಲೂ ಹೇಳಿಲ್ಲ.

ಪ್ರೋಗ್ರಾಮ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಸುಳ್ಳು ಹೆಸರುಗಳನ್ನು ಹಾಕಿ ಪರೀಕ್ಷಿಸುವುದು ನಮ್ಮ ಕಸುಬಿನ ಪದ್ಧತಿ. ಅ, ಆ, ಇ, ಕಪ್ಪೆ, ಗೂಬೆ, ಏನು ಬೇಕಾದರೂ ಹಾಕುತ್ತಾರೆ. ನಿಜವಾದವುಗಳ ಜೊತೆ ಬೆರೆತುಹೋಗಬಾರದು ಎಂದು ಸುಳ್ಳು ದಾಖಲೆಗೆಲ್ಲ ಒಂದೇ ಗುರುತು ಇಡುತ್ತಾರೆ. ಮುತ್ತುರಾಜ ಇಟ್ಟ ಗುರುತು, ಮನೆ ನಂಬರ್ 9999. ಅಷ್ಟು ದೊಡ್ಡ ನಂಬರಿನ ಮನೆ ಯಾವ ಕೊಳೆಗೇರಿಯಲ್ಲೂ ಇರುವುದಿಲ್ಲವಲ್ಲ. ಇಪ್ಪತ್ತನಾಲ್ಕು ಸುಳ್ಳು ಕುಟುಂಬಗಳನ್ನು ಅವನು ಹಾಗೆ ಹಾಕಿದ್ದ. ನಮಗೆ ಕೆಲಸ ಕಲಿಸುವಾಗ ಅದೇ ದಾಖಲೆಗಳನ್ನು ತೆರೆದು ತೋರಿಸಿದ್ದ.

ಕಲ್ಲುಕ್ವಾರಿಯ ಫಾರಮ್ಮುಗಳು ಬಂದ ದಿನ ಅವನು ಪ್ರಿಂಟರ್ ವಿಷಯಕ್ಕೆ ಇಲಾಖೆಗೆ ಹೋಗಿದ್ದ. ಬೇರೆ ಕೊಳೆಗೇರಿಗಳಲ್ಲಿ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ನಂಬರ್ ಬರೆದಿದ್ದರು. ಕಲ್ಲುಕ್ವಾರಿಗೆ ದಾರಿಯೇ ಇರಲಿಲ್ಲ, ನಂಬರ್ ಬರೆಯುವವನು ಅಲ್ಲಿಗೆ ಇಳಿದೇ ಇರಲಿಲ್ಲ. ಸರ್ವೆಯವರು ಮನೆ ನಂಬರಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ದರು. ಹುಡುಗಿಯರು ಖಾಲಿ ಬಿಟ್ಟರು, ಎಂಟೂ ಕಂಪ್ಯೂಟರ್ ಒಟ್ಟಿಗೆ ಕುಂಯ್ ಎಂದವು. ಏನು ಮಾಡೋದು ಮೇಡಂ ಎಂದು ನನ್ನ ಮುಖ ನೋಡಿದರು. ಮುತ್ತುರಾಜನೇ ಹಾಕಿ ತೋರಿಸಿದ್ದ ನಂಬರ್ ನನ್ನ ತಲೆಯಲ್ಲಿತ್ತು. ನಂಬರಿಲ್ಲದ ಮನೆಗೆ ಅದನ್ನು ಹಾಕುವುದು ಎಂದು ನಾನು ತಿಳಿದುಕೊಂಡಿದ್ದೆ. "9999 ಹೊಡೀರಿ" ಎಂದೆ. ಕಂಪ್ಯೂಟರ್ ತೆಪ್ಪಗೆ ಒಪ್ಪಿಕೊಂಡಿತು. ಎರಡು ದಿನದಲ್ಲಿ ಮುನ್ನೂರ ಹನ್ನೊಂದು ಕುಟುಂಬ ಮುಗಿಯಿತು. ಮುತ್ತುರಾಜನಿಗೆ ಒಂದು ಮಾತು ಹೇಳಬೇಕು ಅಂದುಕೊಂಡೆ. ಮರೆತೆ. ಆ ವಾರ ನನ್ನನ್ನು ನೋಡಲು ದಾವಣಗೆರೆಯಿಂದ ಗಂಡಿನ ಕಡೆಯವರು ಬಂದಿದ್ದರು, ಅದೇ ನೆಪ.

ಫೆಬ್ರವರಿಯಲ್ಲಿ ಪಟ್ಟಿ ಕೊಡುವ ದಿನ ಬಂತು. ಭಾನುವಾರ ಶಾಸಕರ ಸಮಾರಂಭ, ವೇದಿಕೆಯ ಮೇಲೆ ಪಟ್ಟಿ ಬಿಡುಗಡೆ. ಶುಕ್ರವಾರ ಮಧ್ಯಾಹ್ನ ಊಟಕ್ಕೂ ಏಳದೆ ಮುತ್ತುರಾಜ ಕೂತಿದ್ದ. ಹಿಂದೆ ಭಗವಂತರಾಯರು ಕಾರಿನ ಕೀಲಿ ಆಡಿಸುತ್ತ ನಿಂತಿದ್ದರು. ಕಲಬುರಗಿಯ ಕಡೆಯವರು, ಕೆಟ್ಟವರಲ್ಲ, ದೊಡ್ಡವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಹುಚ್ಚು ಮಾತ್ರ ಇತ್ತು.

"ಏನಪಾ ಮುತ್ತುರಾಜ, ಮುಗೀತೋ ಇಲ್ಲೋ? ಸಾಹೇಬ್ರು ಎರಡು ಸಲ ಫೋನ್ ಮಾಡ್ಯಾರ."

"ಎರಡು ನಿಮಿಷ ಸರ್. ಟೆಸ್ಟ್ ರೆಕಾರ್ಡ್ ತೆಗೆದ್ಬಿಟ್ಟು ಪ್ರಿಂಟ್ ಕೊಟ್ಬಿಡ್ತೀನಿ."

ಮನೆ ನಂಬರ್ 9999 ಇರುವುದನ್ನೆಲ್ಲ ಅಳಿಸು ಎಂದು ಒಂದು ಸಾಲು ಬರೆದ. ನಾವು ಆಗ ಬಳಸುತ್ತಿದ್ದ ಫಾಕ್ಸ್‌ಪ್ರೋದಲ್ಲಿ ಅಳಿಸಿದ್ದು ಒಂದೇ ಸಲಕ್ಕೆ ಹೋಗುವುದಿಲ್ಲ. ಮೊದಲು ಗುರುತು ಬೀಳುತ್ತದೆ, ಆಮೇಲೆ ಪ್ಯಾಕ್ ಎಂದು ಹೊಡೆದಾಗ ಮಾತ್ರ ಪೂರ್ತಿ ಹೋಗುತ್ತದೆ. ನಡುವೆ ಎಷ್ಟು ದಾಖಲೆಗೆ ಗುರುತು ಬಿತ್ತು ಎಂದು ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಬರುತ್ತದೆ. ಅವತ್ತು ಬಂದ ಸಂಖ್ಯೆ ಮುನ್ನೂರ ಮೂವತ್ತೈದು ಇದ್ದಿರಬೇಕು. ಇಪ್ಪತ್ತನಾಲ್ಕು ಬರಬೇಕಾದ ಕಡೆ. ಹಿಂದಿನಿಂದ ಕೀಲಿಯ ಸದ್ದು. ಮುತ್ತುರಾಜ ಮೂಲೆಯನ್ನು ನೋಡಲಿಲ್ಲ, ಪ್ಯಾಕ್ ಹೊಡೆದ. ಆಮೇಲೆ ಶಿಸ್ತಿನಿಂದ ಹಳೆಯ ಫ್ಲಾಪಿಗಳ ಮೇಲೆಯೇ ಹೊಸ ಪಟ್ಟಿಯ ಬ್ಯಾಕಪ್ ತೆಗೆದ. ನಾನು ಅಲ್ಲೇ ನಿಂತು ಬಾಳೆಹಣ್ಣು ತಿನ್ನುತ್ತಿದ್ದೆ.

ಹತ್ತು ದಿನದ ಮೇಲೆ ಅಯ್ಯಮ್ಮ ಕೆಲಸಕ್ಕೆ ತಡವಾಗಿ ಬಂದಳು. ವಾರ್ಡ್ ಆಫೀಸಿನ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ, ಯಾರೋ ಓದಿ ನೋಡಿದರು, ಕಲ್ಲುಕ್ವಾರಿಯ ಒಂದು ಹೆಸರೂ ಇಲ್ಲ.

"ನೀನು ತೋರ್ಸಿದ್ಯಲ್ಲಪ್ಪ ಮುತ್ತು, ಇದೇ ಡಬ್ಬದಲ್ಲಿ. ಎಲ್ಲೋಯ್ತು?"

ಮುತ್ತುರಾಜ ಹತ್ತು ನಿಮಿಷ ಏನೇನೋ ತೆರೆದು ನೋಡಿದ. ಆಮೇಲೆ ಅಯ್ಯಮ್ಮ ಟೀ ತರಲು ಕೆಳಗಿಳಿದಾಗ ನನ್ನ ಕಡೆ ತಿರುಗಿ, "ಕಲ್ಲುಕ್ವಾರಿಗೆ ಮನೆ ನಂಬರ್ ಏನು ಹಾಕಿದ್ರಿ?" ಎಂದ. ನಾನು ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಇವತ್ತು ಎಷ್ಟೋ ಹಗುರವಾಗಿರುತ್ತಿತ್ತು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಅಯ್ಯೋ, ಮನುಷ್ಯರನ್ನ ಟೆಸ್ಟ್ ರೆಕಾರ್ಡ್ ಅಂತ ತೆಗೆದ್ಬಿಟ್ನಲ್ಲಾ" ಎಂದ.

ಸರಿಮಾಡುವುದು ಕಷ್ಟವೇ ಇರಲಿಲ್ಲ. ಫಾರಂ ನಮ್ಮ ಅಟ್ಟದ ಮೇಲಿದ್ದವು, ಎರಡು ದಿನ ಟೈಪ್ ಮಾಡಿದರೆ ಮುಗಿಯಿತು. ಭಗವಂತರಾಯರು ಇಲಾಖೆಗೆ ಫೋನ್ ಮಾಡಿದರು. ಬಿಡುಗಡೆಯಾದ ಪಟ್ಟಿಯನ್ನು ಮುಟ್ಟುವ ಹಾಗಿಲ್ಲ, ಆಕ್ಷೇಪಣೆ ಇದ್ದರೆ ಏಪ್ರಿಲ್‌ನಲ್ಲಿ ಅಹವಾಲು ಸಭೆ ಇದೆ, ಅಲ್ಲಿ ಹೇಳಲಿ ಎಂದು ಇಲಾಖೆಯವರು ಅಂದರು. ಅಷ್ಟರಲ್ಲಿ ಬೇರೆ ಸುದ್ದಿಯೂ ಬಂತು. ಕಲ್ಲುಕ್ವಾರಿಯ ಜಾಗವನ್ನು ಸಾಫ್ಟ್‌ವೇರ್ ಪಾರ್ಕಿಗೆ ಕೊಟ್ಟರೆ ಹೇಗೆ ಎಂದು ಯಾರೋ ಯಾರಿಗೋ ಬರೆದಿದ್ದಾರೆ. ಪಟ್ಟಿಯ ಪ್ರಕಾರ ಅಲ್ಲಿ ಯಾರೂ ವಾಸವಿಲ್ಲವಲ್ಲ! ಇದನ್ನು ಕೇಳಿದವರು ಇದೆಲ್ಲ ಮೊದಲೇ ಮಾಡಿದ ಸಂಚು ಎಂದು ಈಗಲೂ ಹೇಳುತ್ತಾರೆ. ಸಂಚು ಮಾಡುವಷ್ಟು ಶ್ರಮ ಯಾರೂ ಪಡಲಿಲ್ಲ. ನಾವು ತಪ್ಪು ಮಾಡಿದೆವು, ಅದು ದೊಡ್ಡವರಿಗೆ ಅನುಕೂಲವಾಗಿ ಕಂಡಿತು, ಅಷ್ಟೆ.

"ಸಭೆಗೆ ನೀ ಹೋಗಬ್ಯಾಡ" ಎಂದರು ಭಗವಂತರಾಯರು. "ಕಂಪ್ಯೂಟರ್ ಲಿಸ್ಟ್ ತಪ್ಪು ಅಂತ ಕಂಪ್ಯೂಟರಿನವನೇ ಹೇಳಿದ್ರ ನಾಳೆ ನಮಗ ಯಾರು ಕೆಲಸ ಕೊಡ್ತಾರೋ?"

"ಹೇಳದೆ ಇದ್ರೆ ಮುನ್ನೂರು ಮನೆ ಹೋಗುತ್ತೆ ಸರ್."

ನನಗೆ ಅವನು ಮೆಟ್ಟಿಲ ಹತ್ತಿರ ಬೇರೆಯಾಗಿ ಹೇಳಿದ, "ನಿಮ್ಮ ಹೆಸರು ಎತ್ತಲ್ಲ ವಿಮಲಾ. ಅಳಿಸಿದ್ದು ನಾನು. ಖಾಲಿ ಬಿಡೋಕೆ ಬಿಟ್ಟಿದ್ರೆ ನೀವ್ಯಾಕೆ ನಂಬರ್ ಹಾಕ್ತಿದ್ರಿ?" ನಾನು ಬೇಡ ಅನ್ನಲಿಲ್ಲ. ನಾನೂ ಬರುತ್ತೇನೆ, ಹಿಂದೆ ಕೂತಿರುತ್ತೇನೆ ಎಂದೆ. ಎಂಥ ಉಪಕಾರ!

ಸಭೆ ನಡೆದದ್ದು ಕೆ.ಆರ್. ಪುರದ ಸಂತೆಯ ಹತ್ತಿರ ಒಂದು ಸಮುದಾಯ ಭವನದಲ್ಲಿ. ಎಲ್ಲ ಕೊಳೆಗೇರಿಗಳ ಜನ ತುಂಬಿದ್ದರು. ವೇದಿಕೆಯ ಮೇಲೆ ವಿಶೇಷಾಧಿಕಾರಿ ಚಲುವಯ್ಯನವರು, ಪಕ್ಕದಲ್ಲಿ ಶಾಸಕರ ಕಡೆಯ ನಾಲ್ಕು ಜನ. ನಾನು ಐದನೇ ಸಾಲಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ಅಯ್ಯಮ್ಮ. ಕಲ್ಲುಕ್ವಾರಿಯ ಸರದಿ ಬಂದಾಗ ಕಾಲೊನಿಯ ಮುಖಂಡ, ವೆಲ್ಡಿಂಗ್ ಅಂಗಡಿಯ ಚಾಂದ್ ಪಾಷಾ ಎದ್ದು ಅರ್ಜಿ ಕೊಟ್ಟ. ಅವನ ಹಿಂದೆಯೇ ಮುತ್ತುರಾಜ ಎದ್ದ.

"ಸರ್, ಇವರ ಹೆಸರೆಲ್ಲ ಟೈಪ್ ಆಗಿತ್ತು. ಪಟ್ಟಿ ಮಾಡಿದ ಪ್ರೋಗ್ರಾಮರ್ ನಾನು. ತಪ್ಪಾಗಿ ಅಳಿಸಿದ್ದೂ ನಾನೇ."

"ಯಾರು ಹೇಳಿದ್ರು ಅಂತ ಅಳಿಸಿದ್ರಿ?" ಚಲುವಯ್ಯನವರ ದನಿ ಬಹಳ ಮೆದು.

"ಯಾರೂ ಹೇಳಿಲ್ಲ ಸರ್. ಟೆಸ್ಟ್ ರೆಕಾರ್ಡ್ ಅಂದ್ಕೊಂಡೆ."

"ಟೆಸ್ಟ್ ರೆಕಾರ್ಡ್ ಅಂದ್ರೆ?"

"ಸುಳ್ಳು ಹೆಸರು ಸರ್. ಪ್ರೋಗ್ರಾಮ್ ಸರಿಯಿದ್ಯಾ ಅಂತ ನೋಡೋಕೆ ನಾವೇ ಹಾಕಿರ್ತೀವಿ."

ಚಲುವಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದ್ರೆ, ಸರ್ಕಾರದ ಪಟ್ಟಿಗೆ ಸುಳ್ಳು ಹೆಸರು ಸೇರ್ಸಿದ್ದೂ ನೀವೇ, ನಿಜವಾದ ಹೆಸರು ತೆಗೆದಿದ್ದೂ ನೀವೇ. ಬರ್ಕೊಳ್ರಿ."

ಗುಮಾಸ್ತ ಬರೆದುಕೊಂಡ. ಮುತ್ತುರಾಜ ಹಾಗಲ್ಲ ಸರ್, ಹಾಗಲ್ಲ ಎನ್ನುತ್ತಲೇ ಇದ್ದ. ನಮ್ಮ ಕಸುಬಿನಲ್ಲಿ ಬೆರಳು ಮಡಿಚಿ ಹೇಳುವಷ್ಟು ಸಾದಾ ಸಂಗತಿ ಅದು. ಆ ಭವನದಲ್ಲಿ ಅದನ್ನು ಬಿಡಿಸಿ ಹೇಳಲು ಹೋದಷ್ಟೂ ಕಳ್ಳನ ಮಾತಿನಂತೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಬೇರೆ ಕೊಳೆಗೇರಿಯ ಹೆಂಗಸೊಬ್ಬಳು ಎದ್ದು, "ಅಂಗಾರೆ ನಮ್ ಲಿಸ್ಟೂ ಕ್ಯಾನ್ಸಲ್ಲಾ?" ಎಂದಳು. ಅಲ್ಲಿಗೆ ಶುರುವಾಯಿತು. ಪಟ್ಟಿಯಲ್ಲಿ ಹೆಸರಿದ್ದ ಅಷ್ಟೂ ಜನಕ್ಕೆ ಮುತ್ತುರಾಜ ವೈರಿಯಾದ. ಯಾರು ನಿನಗೆ ದುಡ್ಡು ಕೊಟ್ಟಿದ್ದು, ಯಾವ ಪಾರ್ಟಿಯವನು ನೀನು, ನಮ್ಮ ಅನ್ನಕ್ಕೆ ಮಣ್ಣು ಹಾಕೋಕೆ ಬಂದಿದ್ದೀಯಾ ಎಂದು ಕೂಗಾಡಿದರು. ಒಬ್ಬ ಕುರ್ಚಿ ಎತ್ತಿದ. ಬಡವರು ಬಡವರ ಪರ ನಿಲ್ಲುತ್ತಾರೆ ಎಂದು ಭಾಷಣದಲ್ಲಿ ಹೇಳುತ್ತಾರಲ್ಲ, ಹೇಳುವವರು ಅವತ್ತು ಅಲ್ಲಿ ಬಂದು ನೋಡಬೇಕಿತ್ತು.

ಗಲಾಟೆ ತಗ್ಗಿದ ಮೇಲೆ ಚಲುವಯ್ಯನವರು ಕೇಳಿದರು, "ಇವರೊಬ್ಬರ ಮಾತಿನ ಮೇಲೆ ಆರು ಸಾವಿರ ಕುಟುಂಬದ ಪಟ್ಟಿ ತಿರುಗಿಸೋಕಾಗಲ್ಲ. ಇವರು ಹೇಳಿದ್ದನ್ನ ಕಂಡೋರು, ಜೊತೆಗೆ ಕೆಲಸ ಮಾಡಿದೋರು ಬೇರೆ ಯಾರಾದ್ರೂ ಇದೀರಾ?"

ಅಯ್ಯಮ್ಮ ನನ್ನ ಕಡೆ ನೋಡಿದಳು. ನಾನು ಟೈಪಿನವರ ಮೇಲ್ವಿಚಾರಕಿ ಎಂದು ಅವಳಿಗೆ ಗೊತ್ತಿತ್ತು. 9999ರ ಸಂಗತಿ ಗೊತ್ತಿರಲಿಲ್ಲ. ಮುತ್ತುರಾಜ ನನ್ನ ಕಡೆ ತಿರುಗಲೂ ಇಲ್ಲ. ಮೇ ತಿಂಗಳಿಗೆ ನನ್ನ ಮದುವೆ ಗೊತ್ತಾಗಿತ್ತು. ಹೆದರಿದೆ. ಸೆರಗಿನ ಪಿನ್ನು ಬಿಚ್ಚಿ ಮತ್ತೆ ಸರಿಯಾಗಿ ಚುಚ್ಚಿಕೊಂಡೆ. ಅದು ಮುಗಿಯುವಷ್ಟರಲ್ಲಿ ಮುಂದಿನ ಕೊಳೆಗೇರಿಯ ಹೆಸರು ಕೂಗಿದರು.

ಮೂರನೇ ದಿನ ಸರ್ಕಾರಿ ದಾಖಲೆ ತಿದ್ದಿದ ಆರೋಪದ ಮೇಲೆ ಮುತ್ತುರಾಜನ ವಿರುದ್ಧ ದೂರು ದಾಖಲಾಯಿತು. ಪೊಲೀಸರು ನಮ್ಮ ಆಫೀಸಿಗೆ ಬಂದು ಅವನ ಕಂಪ್ಯೂಟರನ್ನೂ, ಅಟ್ಟದ ಮೇಲಿದ್ದ ನಾಲ್ಕು ಗೋಣಿಚೀಲಗಳನ್ನೂ ಸಾಕ್ಷ್ಯವೆಂದು ಸೀಲ್ ಮಾಡಿ ತೆಗೆದುಕೊಂಡು ಹೋದರು. ಕಲ್ಲುಕ್ವಾರಿಯ ಜನ ಅಲ್ಲಿ ವಾಸವಿದ್ದರು ಎನ್ನುವುದಕ್ಕೆ ಇದ್ದ ಒಂದೇ ಕಾಗದದ ಆಧಾರ ಆ ಚೀಲದೊಳಗಿತ್ತು. ಸಭೆಗೆ ಮುಂಚೆ ಬೀದಿಯ ಜೆರಾಕ್ಸ್ ಅಂಗಡಿಗೆ ಹೋಗಿ ಮುನ್ನೂರ ಹನ್ನೊಂದು ಹಾಳೆ ತೆಗೆಸಿದ್ದರೆ ಸಾಕಿತ್ತು. ಬ್ಯಾಕಪ್ ಬ್ಯಾಕಪ್ ಎಂದು ದಿನಾ ಬಡಿದುಕೊಳ್ಳುತ್ತಿದ್ದ ನಮಗಿಬ್ಬರಿಗೂ ಅದು ಹೊಳೆಯಲಿಲ್ಲ.

ಠಾಣೆಯ ಮುಂದೆ ಚಾಂದ್ ಪಾಷಾ ಮುತ್ತುರಾಜನ ಕಪಾಳಕ್ಕೆ ಹೊಡೆದ. ಹೊಡೆದು ತಾನೇ ಅತ್ತ. "ಅರೇ ಭಾಯ್, ಸರ್ಕಾರದ ಮೇಲೆ ಕೋರ್ಟಿಗೋಗಣ ಅಂತ ವಕೀಲ್ರನ್ನ ನೋಡ್ಕೊಂಡಿದ್ವಿ. ನೀನು ಮಧ್ಯ ಬಂದು ಗಲ್ತಿ ನಂದು ಅಂದ್ಬಿಟ್ಟೆ. ಈಗ ಸರ್ಕಾರದ್ದು ಏನೂ ತಪ್ಪಿಲ್ಲ. ಯಾರ್ ಕೇಳಿದ್ರು ನಿನ್ನ ಸಚ್ಚಾಯಿನ?"

2001ರ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಜೆಸಿಬಿಗಳು ಬಂದವು. ಅಯ್ಯಮ್ಮನೂ ಅವಳಂಥ ಕೆಲವರೂ ಬೂದಿಗೆರೆಯ ದಾರಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು, ಉಳಿದವರು ಎಲ್ಲೆಲ್ಲಿಗೋ ಹೋದರು. ಹಳ್ಳ ಮುಚ್ಚಿತು, ಗಾಜಿನ ಕಟ್ಟಡ ಎದ್ದಿತು. 2004ರಲ್ಲಿ ನಾನು ಸೇರಿದ ಕಂಪನಿ ಆ ಕಟ್ಟಡದ ಮೂರನೇ ಮಹಡಿಗೆ ಬಂತು. ನನ್ನ ಹುದ್ದೆ ಕ್ವಾಲಿಟಿ ವಿಭಾಗದಲ್ಲಿ, ಬೇರೆಯವರ ತಪ್ಪು ಹುಡುಕುವುದು. ಇಂದಿರಾನಗರದಿಂದ ಕಂಪನಿಯ ಕ್ಯಾಬಿನಲ್ಲಿ ಹೋಗಿ ಬರುತ್ತಿದ್ದೆ.

ಮುತ್ತುರಾಜನಿಗೆ ಎಲ್ಲೂ ಕೆಲಸ ಸಿಗಲಿಲ್ಲ. ನಿಮ್ಮ ಮೇಲೆ ಯಾವುದಾದರೂ ಕೇಸ್ ಇದೆಯೇ ಎಂದು ಪ್ರತಿ ಕಂಪನಿಯ ಅರ್ಜಿಯಲ್ಲೂ ಒಂದು ಕಾಲಮ್ಮಿತ್ತು, ಅವನು ಪ್ರತಿ ಸಲವೂ ಹೌದು ಎಂದೇ ತುಂಬುತ್ತಿದ್ದ. ಕೊನೆಗೆ ಕೆ.ಆರ್. ಪುರದ ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟ. ರೇಷನ್ ಕಾರ್ಡಿನ ಅರ್ಜಿ, ಬಾಡಿಗೆ ಕರಾರು, ಮದುವೆ ಪತ್ರಿಕೆ. ಯಾರೇ ಅರ್ಜಿ ತುಂಬಿಸಲು ಬಂದರೂ ಅದರ ಒಂದು ಜೆರಾಕ್ಸ್ ಬಿಟ್ಟಿಯಾಗಿ ಕೊಟ್ಟು, ಇದನ್ನ ಇಟ್ಕೊಳ್ಳಿ ಎಂದು ಗಂಟು ಬೀಳುತ್ತಿದ್ದನಂತೆ. ಬಸ್ಸಿಗೆ ಹೊತ್ತಾಯ್ತು ಬಿಡಿ ಸಾರ್ ಎಂದು ಜನ ಗೊಣಗುತ್ತಿದ್ದರು. 2004ರ ಚುನಾವಣೆಯ ಸಮಯದಲ್ಲಿ ಒಂದು ಪಕ್ಷದವರು ಮತದಾರರ ಪಟ್ಟಿಯ ಸಿ.ಡಿ. ತಂದು, ಹೆಸರು ನೋಡಿ ಜಾತಿವಾರು, ಬೀದಿವಾರು ವಿಂಗಡಿಸಿ ಕೊಡು ಎಂದರು. ಅರ್ಧ ಗಂಟೆಯ ಕೆಲಸ. ಅವನು ಆಗಲ್ಲ ಎಂದ. ಎರಡು ಅಂಗಡಿ ಆಚೆ ಮಾಡಿಕೊಟ್ಟರು, ಆಚೆಯ ಅಂಗಡಿಯವನು ಆ ವರ್ಷ ಎ.ಸಿ. ಹಾಕಿಸಿಕೊಂಡ. ಮುತ್ತುರಾಜನ ಅಪ್ಪ ವೆಂಕಟಸ್ವಾಮಿ ತೀರಿಕೊಂಡಾಗಲೂ ನಾನು ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ ಎನ್ನುವುದೇ ಸರಿ.

2006ರಲ್ಲಿ ಸಾಕ್ಷ್ಯ ಸಾಲದು ಎಂದು ಕೇಸು ಮುಚ್ಚಿತು. ಮರುವರ್ಷ ಒಂದು ಮಧ್ಯಾಹ್ನ ನನಗೆ ಅವನ ಫೋನ್ ಬಂತು. ಏಳು ವರ್ಷದ ಮೇಲೆ.

"ವಿಮಲಾ, ಚೀಲ ವಾಪಸ್ ಕೊಟ್ರು. ಒಂದು ನೆಂದು ಹಾಳಾಗಿದೆ, ಮೂರಿದೆ. ಕಲ್ಲುಕ್ವಾರಿ ಕಟ್ಟು ಯಾವುದು ಅಂತ ನಿಮಗೆ ಗೊತ್ತಾಗುತ್ತೆ. ನಂಬರ್ ಹಾಕಿದ್ದು ನೀವೇ ಅಲ್ವಾ?"

ಕಟ್ಟಿನ ಮೇಲಿನ ನಂಬರ್ ಎಂಬ ಅರ್ಥದಲ್ಲಿ ಅಂದದ್ದು. ನನಗೆ ಮಾತ್ರ ಬೇರೆ ನಂಬರ್ ಕೇಳಿಸಿತು. ಭಾನುವಾರ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಚೀಲ ಸುರಿದು ಹುಡುಕಿದೆವು. ಅವನ ತಲೆ ಅರ್ಧ ಬೆಳ್ಳಗಾಗಿತ್ತು. ಬೆಳ್ಳಿಹುಳು ಅಂಚು ತಿಂದಿದ್ದರೂ ಕಲ್ಲುಕ್ವಾರಿಯ ಕಟ್ಟು ಪೂರ್ತಿ ಸಿಕ್ಕಿತು. ಮುನ್ನೂರ ಹನ್ನೊಂದು.

"ಏನು ಮಾಡ್ತೀರಿ ಇದನ್ನ?"

"ಅವರವರ ಫಾರಂ ಅವರವರಿಗೆ ಕೊಡ್ತೀನಿ. ಭಾನುವಾರ ಭಾನುವಾರ ಹೋದ್ರೆ ಒಂದಲ್ಲ ಒಂದಿನ ಮುಗಿಯುತ್ತೆ."

"ಜಾಗಾನೇ ಹೋಯ್ತಲ್ರೀ."

"ಅವರ ಕಾಗದ ಅದು. ನಮ್ಮ ಹತ್ರ ಯಾಕೆ?"

ಆ ಮೊಂಡುತನ ಕಂಡು ನನಗೆ ಸಿಟ್ಟು ಬಂತು. ಸಾಕು ಬಿಡ್ರೀ ಎನ್ನಬೇಕೆನಿಸಿತು. ಅನ್ನಲಿಲ್ಲ, ಅವನ ಸ್ಕೂಟರಿನ ಹಿಂದೆ ಕೂತೆ.

ಬೂದಿಗೆರೆಯ ದಾರಿಯ ಶೆಡ್ಡುಗಳ ಸಾಲಿನಲ್ಲಿ ಅಯ್ಯಮ್ಮ ಸಿಕ್ಕಳು. ಮೊಣಕಾಲು ನೋವಿನಿಂದ ಕೆಲಸ ಬಿಟ್ಟಿದ್ದಳು, ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಮುತ್ತುರಾಜನನ್ನು ಕಂಡು ಬಾಪ್ಪಾ ಎಂದಳು. ನನ್ನನ್ನು ಕಂಡು, "ವಿಮಲಮ್ಮೋರಾ? ಬನ್ನಿ, ಕೂತ್ಕೊಳ್ಳಿ, ದಪ್ಪ ಆಗಿದೀರ" ಎಂದಳು. ಮುತ್ತುರಾಜ ಅವಳ ಫಾರಂ ತೆಗೆದು ಓದಿದ. ಮನೆಯ ಯಜಮಾನಿ ಅಯ್ಯಮ್ಮ, ಗಂಡ ತೀರಿಕೊಂಡಿದ್ದಾರೆ, ಹೆಣ್ಣುಮಕ್ಕಳು ಇಬ್ಬರು, ವಾಸವಿರುವ ವರ್ಷ ಹತ್ತೊಂಬತ್ತು. ಅವಳು ಹುಣಸೆಯ ಕೈಯನ್ನು ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದನ್ನ ಈಗ ಎಲ್ಲಿಗೆ ಕೊಡ್ಬೇಕು ಮುತ್ತು?"

"ಎಲ್ಲಿಗೂ ಇಲ್ಲಮ್ಮ. ನಿಮ್ಮ ಹತ್ರಾನೇ ಇರ್ಲಿ." ಕಟ್ಟನ್ನು ನೆಲಕ್ಕಿಟ್ಟು, "ನನ್ನಿಂದ ತಪ್ಪಾಯ್ತಮ್ಮ" ಎಂದ. ಎಷ್ಟನೇ ಸಲವೋ.

ಆಗ ನನಗೆ ತಡೆದುಕೊಳ್ಳಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಆ ನಂಬರ್ ಹಾಕಿಸಿದವಳು ನಾನು, ಅವನಿಗೆ ಹೇಳಲು ಮರೆತವಳು ನಾನು, ಅವನು ಅಳಿಸಿದ್ದು ನಾನು ತುಂಬಿಸಿದ್ದನ್ನು. ಹೇಳುತ್ತ ಅತ್ತೆ. ಅಯ್ಯಮ್ಮ ನನ್ನನ್ನು ಸಮಾಧಾನ ಮಾಡುತ್ತಾಳೆ ಎಂದು ಎಲ್ಲೋ ಒಳಗೆ ಕಾಯುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಅವಳು ಸಮಾಧಾನ ಮಾಡಲಿಲ್ಲ. ಧನುಷ್ ಕಂಪ್ಯೂಟೆಕ್ಕಿನಲ್ಲಿ ಇದ್ದಷ್ಟು ಕಾಲ ನನಗೆ ನೀವು, ತಾವು ಎನ್ನುತ್ತಿದ್ದವಳು ಮೊದಲ ಸಲ ಏಕವಚನಕ್ಕೆ ಇಳಿದಳು.

"ನನ್ ಪಕ್ಕಾನೇ ಕೂತಿದ್ದೆ ನೀನು. ಆವಯ್ಯ ಯಾರಾದ್ರೂ ಇದೀರಾ ಅಂತ ಕೇಳ್ದಾಗ ಎದ್ದಿದ್ರೆ ಇಬ್ಬರಾಗ್ತಿದ್ರಿ."

ಮುತ್ತುರಾಜ, "ಬಿಡೀಮ್ಮ" ಎಂದ. ಅವಳು ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ಮುತ್ತುರಾಜ ಕಟ್ಟಿನಿಂದ ಮುಂದಿನ ಫಾರಂ ತೆಗೆದು, ಇವರ ಮನೆ ಯಾವ ಕಡೆ ಎಂದು ಅವಳನ್ನೇ ಕೇಳಿದ.